ಋಣರಾಯರ ಏಡಿ ಹಂಡೆ

ಎಲ್ಲದಕ್ಕೂ ಮೂಲ ಒಂದೇ ಒಂದು ಇಂಚು. ಹಲ್ಲಿನ ಡಾಕ್ಟರೊಬ್ಬರ ಕರಪತ್ರ ಕತ್ತರಿಸುವಾಗ ಋಣರಾಯರು ಕಟಿಂಗ್ ಮೆಷಿನ್ನಿನ ಅಳತೆಯನ್ನು ಒಂದಿಂಚು ಆಚೆ ಸರಿಸಿಬಿಟ್ಟಿದ್ದರು. ಕರಪತ್ರದಲ್ಲಿ ಬಾಯಿ ತುಂಬ ನಗಬೇಕಿದ್ದ ಹೆಣ್ಣುಮಗಳಿಗೆ ಮುಖ ಮೂಗಿನವರೆಗೆ ಮಾತ್ರ ಉಳಿಯಿತು. ಹಲ್ಲುಗಳೆಲ್ಲ ರದ್ದಿ ಬುಟ್ಟಿ ಸೇರಿದವು.

ಪ್ರೆಸ್ಸಿನ ಯಜಮಾನರು ಕೆಂಡಾಮಂಡಲವಾಗಿ, "ನಾಳೆಯಿಂದ ಬರ್ಬೇಡಿ" ಅಂದರು. ಆಗ ಪ್ರಿಂಟಿಂಗ್ ಮೆಷಿನ್ ಓಡಿಸುವ ಮೆಷಿನ್ ಅಣ್ಣ, ಹೊಲಿಗೆ ಹಾಕಿ ಅಂಟು ಬಳಿಯುವ ಬೈಂಡಿಂಗ್ ಅಕ್ಕ, ಕಂಪ್ಯೂಟರ್ ಮುಂದೆ ಕೂರುವ ಡಿಸೈನ್ ಮೇಡಂ, ಮೂವರೂ ಸಾಲಾಗಿ ಬಂದು ನಿಂತು, "ರಾಯರು ಹೋದ್ರೆ ನಾವೂ ಹೋಗ್ತೀವಿ ಸಾರ್" ಅಂದುಬಿಟ್ಟರು. ಅವರು ಹೋದರೆ ಪ್ರೆಸ್ಸಿನಲ್ಲಿ ಉಳಿಯುವುದು ತಾವು ಮತ್ತು ಗೋಡೆ ಗಡಿಯಾರ ಎಂಬುದು ಯಜಮಾನರಿಗೆ ಹೊಳೆಯಿತು. "ಇನ್ನೊಂದು ಸಲ ಏನಾದ್ರೂ ಹಾಳಾದ್ರೆ ಯಾರ ಮಾತೂ ಕೇಳಲ್ಲ" ಎಂದು ಗುಡುಗಿ ಒಳಗೆ ಹೋದರು.

ಕೆಲಸವೇನೋ ಉಳಿಯಿತು, ಆದರೆ ರಾಯರ ನೆಮ್ಮದಿ ಹೋಯಿತು. ಋಣರಾಯ ಎಂಬುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ, ಪ್ರೆಸ್ಸಿನವರು ಇಟ್ಟದ್ದು. ಯಾರ ಉಪಕಾರವೂ ಅವರಿಗೆ ಜೀರ್ಣವಾಗುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಅವರ ಮನೆಯ ವಿಳಾಸ ಕೇಳುವಂಥ ಆಸಾಮಿ. ಅಂಥವರಿಗೆ ಮೂರು ಜನ ಸೇರಿ ಅನ್ನದ ದಾರಿಯನ್ನೇ ಉಳಿಸಿಕೊಟ್ಟರೆ ಗತಿಯೇನು?

"ನಿದ್ದೇಲೂ ಕೈ ಮುಗೀತಿರ್ತೀರಿ" ಅಂದರು ಹೆಂಡತಿ. "ಒಂದು ಊಟ ಹಾಕಿ, ಮುಗಿಸಿಬಿಡಿ."

ರಾಯರು ಫೋನಿನಲ್ಲಿ ಒಂದು ಅಡುಗೆ ನೋಡಿಟ್ಟಿದ್ದರು. ಏಡಿ, ಸಿಗಡಿ, ಕಪ್ಪೆಚಿಪ್ಪು, ಆಲೂಗಡ್ಡೆ, ಜೋಳದ ತೆನೆ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಬೇಯಿಸುವುದು. ನೀರು ಬಸಿದು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ ಸುರಿದು, ಮೇಜಿನ ಮೇಲೆ ಪೇಪರ್ ಹಾಸಿ ಅದರ ಮೇಲೇ ರಾಶಿ ಹಾಕುವುದು. ಸುತ್ತಲೂ ನಿಂತು ಎಲ್ಲರೂ ಕೈಯಲ್ಲೇ ತಿನ್ನುವುದು.

"ತಟ್ಟೆ ತೊಳೆಯೋದೇ ಇಲ್ವಾ? ಹಾಗಾದ್ರೆ ನಂದು ಪೂರ್ತಿ ಒಪ್ಪಿಗೆ" ಎಂದರು ಹೆಂಡತಿ. ಅಂಥ ಹಂಡೆ ಅವರ ಅಡುಗೆಮನೆಯ ಬಾಗಿಲಲ್ಲಿ ನುಗ್ಗುವಂತಿರಲಿಲ್ಲ. ಹಾಗಾಗಿ ಭಾನುವಾರ ರಜೆಯ ದಿನ ಹೆಂಡತಿಯೂ ಸೇರಿ ಎಲ್ಲರಿಗೂ ಪ್ರೆಸ್ಸಿನ ಹಿತ್ತಲಲ್ಲೇ ಊಟ ಎಂದು ತೀರ್ಮಾನವಾಯಿತು. ಯಜಮಾನರು ಪರಊರಿಗೆ ಹೋಗಿದ್ದರು, ಬರುವುದು ಸಂಜೆಗೆ.

"ಇವತ್ತು ನೀವ್ಯಾರೂ ಒಂದು ಕಡ್ಡೀನೂ ಎತ್ತಬಾರ್ದು" ಎಂದು ರಾಯರು ಮೊದಲೇ ಹೇಳಿಬಿಟ್ಟರು. "ಕೂತ್ಕೊಳ್ಳಿ, ತಿನ್ನಿ, ಅಷ್ಟೇ. ಇವತ್ತು ಉಪಕಾರ ಮಾಡೋ ಸರದಿ ನಂದು."

ಮೂವರೂ ತಲೆಯಾಡಿಸಿದರು. ಒಬ್ಬರೂ ಕೂರಲಿಲ್ಲ.

ಬೈಂಡಿಂಗ್ ಅಕ್ಕ ಏಡಿಗಳಿದ್ದ ಬಕೆಟ್ಟಿನೊಳಗೆ ಇಣುಕಿ, "ಅಯ್ಯೋ ಪಾಪ, ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ! ಸಾಯೋ ಹೊತ್ತಲ್ಲಾದ್ರೂ ಕೈಕಾಲು ಆಡಿಸ್ಲಿ" ಎಂದು ಒಂದು ಏಡಿಯ ದಾರ ಬಿಚ್ಚಿದರು. ಅದು ಕೈಕಾಲು ಆಡಿಸಿತು. ಆಡಿಸುತ್ತಲೇ ಬಕೆಟ್ಟಿನಿಂದ ಇಳಿದು, ಹಿತ್ತಲು ದಾಟಿ, ಪ್ರಿಂಟಿಂಗ್ ಮೆಷಿನ್ನಿನ ಕೆಳಗೆ ಸೇರಿಕೊಂಡಿತು. ಅಷ್ಟು ದೊಡ್ಡ ಮೆಷಿನ್ನಿನೊಳಗೆ ಹೆದರದೆ ಕೈ ಹಾಕುವ ಮೆಷಿನ್ ಅಣ್ಣ ಸ್ಟೂಲಿನ ಮೇಲೆ ಹತ್ತಿ ನಿಂತು, "ರಾಯರೇ, ಅದು ನನ್ನೇ ನೋಡ್ತಿದೆ!" ಎಂದು ಕೂಗಿಕೊಂಡ. ಕೊನೆಗೆ ಡಿಸೈನ್ ಮೇಡಂ ಒಂದು ಜೋಳದ ತೆನೆ ಮುಂದೆ ಹಿಡಿದಳು. ಏಡಿ ಅದನ್ನು ಗಬಕ್ಕನೆ ಕಚ್ಚಿ ಹಿಡಿಯಿತು. ತೆನೆಗೆ ತೆನೆ, ಏಡಿಗೆ ಏಡಿ, ಎರಡೂ ಒಟ್ಟಿಗೇ ಹಂಡೆಗೆ ಬಿದ್ದವು.

ಮೀನು ಮಾರುವಾಕೆ ರಾಯರಿಗೆ ಬಾಯಿಪಾಠ ಮಾಡಿಸಿ ಕಳಿಸಿದ್ದಳು. ಮೊದಲು ಆಲೂಗಡ್ಡೆ, ಆಮೇಲೆ ತೆನೆ, ಆಮೇಲೆ ಏಡಿ, ಕಟ್ಟಕಡೆಗೆ ಸಿಗಡಿ ಮತ್ತು ಚಿಪ್ಪು. ಸಿಗಡಿ ಕೆಂಪಗಾದ ಕೂಡಲೇ ಇಳಿಸದಿದ್ದರೆ ರಬ್ಬರು. ರಾಯರು ಕಣ್ಣು ಮಿಟುಕಿಸದೆ ಸಿಗಡಿಯನ್ನೇ ನೋಡುತ್ತಿದ್ದರು. ಬೇಗ ಆಗಲೆಂದು ಮೆಷಿನ್ ಅಣ್ಣ ಹಿಂದಿನಿಂದ ಬಂದು ಒಲೆಯ ಉರಿ ಪೂರ್ತಿ ಏರಿಸಿದ. ಹಂಡೆ ಬುಳುಬುಳು ಉಕ್ಕಿ, ಸಿಗಡಿಗಳು ಒಮ್ಮೆಲೇ ಕೆಂಪೆದ್ದವು.

"ಇಳಿಸಿ, ಇಳಿಸಿ!"

ಮೆಷಿನ್ ಅಣ್ಣ ಒಂದು ಕಡೆ, ಬೈಂಡಿಂಗ್ ಅಕ್ಕ ಇನ್ನೊಂದು ಕಡೆ ಗೋಣಿತಟ್ಟಿನಿಂದ ಹಂಡೆ ಹಿಡಿದು ಇಳಿಸಿದರು, ನೀರು ಬಸಿದರು, ಬೆಣ್ಣೆ ಸುರಿದರು, ಮೇಜಿನವರೆಗೂ ಹೊತ್ತು ತಂದರು. ಮೇಜು ಬರಿದಾಗಿತ್ತು.

"ಪೇಪರ್ ಎಲ್ರೀ ರಾಯರೇ? ಕೈ ಸುಡ್ತಿದೆ!"

ರಾಯರು ಬಿದ್ದಂಬೀಳ ಒಳಗೆ ಓಡಿದರು. ಆ ಪ್ರೆಸ್ಸಿನಲ್ಲಿ ರದ್ದಿ ಹಾಳೆಗಳನ್ನು ಖಾಲಿ ಬದಿ ಮೇಲಾಗಿ ಇಡುವುದು ರೂಢಿ, ಏನಾದರೂ ಗೀಚಲು ಬೇಕಾಗುತ್ತದೆಂದು. ರಾಯರ ಕಟಿಂಗ್ ಮೇಜಿನ ಮೇಲೇ ಅಂಥದೊಂದು ಕಟ್ಟು ಕಂಡಿತು. ಹಾಳೆ ದಪ್ಪಗಿತ್ತು, ಮೇಲ್ಗಡೆ ಹಾಲಿನಂತೆ ಬೆಳ್ಳಗಿತ್ತು. ರಾಯರು ಕಟ್ಟಿಗೆ ಕಟ್ಟೇ ತಬ್ಬಿಕೊಂಡು ಬಂದು, ಗೆಳೆಯರ ಬಟ್ಟೆಗೆ ರಸ ಸೋರಬಾರದೆಂಬ ಪ್ರೀತಿಯಿಂದ ಪದರದ ಮೇಲೆ ಪದರ ಹಾಸಿದರು. ಹಂಡೆ ಮಗುಚಿಕೊಂಡಿತು.

ಆಮೇಲಿನ ಅರ್ಧ ಗಂಟೆ ಏಡಿ ಕೊಂಡಿ ಮುರಿಯುವ ಸದ್ದು, ಬೆರಳು ಚೀಪುವ ಸದ್ದು ಮಾತ್ರ ಕೇಳುತ್ತಿತ್ತು. ರಾಯರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದರು. "ಅವತ್ತು ನೀವು ಮೂವರು ಬಂದು ನಿಲ್ಲದೇ ಇದ್ದಿದ್ರೆ..." ಎನ್ನುವಷ್ಟರಲ್ಲಿ ಬಾಯಲ್ಲಿದ್ದ ಆಲೂಗಡ್ಡೆ ಮಾತಿಗೆ ಅಡ್ಡ ಬಂತು. ಆದರೂ ಅವರ ಎದೆ ತುಂಬಿ ಬಂದಿತ್ತು. ಇಂಥವರ ಜೊತೆ ಕೆಲಸ ಮಾಡುವ ಪುಣ್ಯ ಎಷ್ಟು ಜನಕ್ಕಿದೆ ಎಂದುಕೊಂಡರು.

ಡಿಸೈನ್ ಮೇಡಂ ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿದಳು. ಬೆಣ್ಣೆ ಹೀರಿದ ಹಾಳೆಯ ಅಡಿಯಿಂದ ಬಣ್ಣಬಣ್ಣದ ತಿರುವುಮುರುವು ಅಕ್ಷರಗಳು ಮೂಡುತ್ತಿದ್ದವು.

"ಅಂಕಲ್," ಎಂದಳು ಸಣ್ಣ ದನಿಯಲ್ಲಿ, "ಇದು ಹೊಸ ಮೀನೂಟದ ಹೋಟೆಲಿನ ಪೋಸ್ಟರ್. ಸಂಜೆ ತಗೊಂಡು ಹೋಗೋಕೆ ಬರ್ತಾರೆ."

ಮೆಷಿನ್ ಅಣ್ಣ ಬೆಣ್ಣೆಗೈಯಲ್ಲೇ ಹಣೆ ಚಚ್ಚಿಕೊಂಡ. "ನಾನೇ ರೀ ಮಗುಚಿಟ್ಟಿದ್ದು! ರಾಯರು ಕಟಿಂಗ್ ಮಾಡೋವರೆಗೂ ಶಾಯಿ ಮೇಲೆ ಧೂಳು ಕೂರದೇ ಇರ್ಲಿ, ಅವರಿಗೆ ತೊಂದರೆ ಆಗದೇ ಇರ್ಲಿ ಅಂತ!"

ರಾಯರ ಮುಖ ಸಪ್ಪಗಾಯಿತು. "ಆಯ್ತು, ನನ್ನ ಕಥೆ ಮುಗೀತು. ಯಜಮಾನರು ಬಂದ ಕೂಡ್ಲೇ ಹೇಳಿ ಹೊರಟುಬಿಡ್ತೀನಿ."

"ಬಾಯಲ್ಲಿ ಏಡಿ ಇಟ್ಕೊಂಡು ರಾಜೀನಾಮೆ ಮಾತು ಆಡ್ಬೇಡಿ" ಎಂದು ಗದರಿದ ಬೈಂಡಿಂಗ್ ಅಕ್ಕ ಮೆಷಿನ್ ಅಣ್ಣನ ಕಡೆ ತಿರುಗಿದರು. "ಏನಪ್ಪಾ, ಪೋಸ್ಟರಿನ ಅಚ್ಚಿನ ಪ್ಲೇಟು ಇನ್ನೂ ಮೆಷಿನ್ನಲ್ಲೇ ಇದೆ ತಾನೆ?"

ಇತ್ತು. ಎಲ್ಲರೂ ಸೋಪು ಹಚ್ಚಿ ಕೈ ತೊಳೆದರು. ಮೆಷಿನ್ ಅಣ್ಣ ಮತ್ತೆ ಮೆಷಿನ್ ಓಡಿಸಿದ, ಮೇಡಂ ಬಣ್ಣ ನೋಡಿದಳು, ಅಕ್ಕ ಹಾಳೆ ಜೋಡಿಸಿದರು, ರಾಯರು ಮತ್ತೆ ಮತ್ತೆ ಅಳೆದು ಕತ್ತರಿಸಿದರು. ರಾಯರ ಹೆಂಡತಿ ಹಾಳಾದ ಪೋಸ್ಟರುಗಳನ್ನು ಚಿಪ್ಪುಗಳ ಸಮೇತ ಸುತ್ತಿ ಕಸದ ತೊಟ್ಟಿಗೆ ಸಾಗಿಸಿದರು. ತಟ್ಟೆ ತೊಳೆಯುವುದಕ್ಕಿಂತ ಇದೇ ಸುಲಭವೆಂಬ ಸಮಾಧಾನ ಅವರಿಗೆ.

ಸಂಜೆ ಯಜಮಾನರು, ಹೋಟೆಲಿನವರು ಒಟ್ಟಿಗೇ ಬಂದರು. ಹೋಟೆಲಿನವರು ಒಂದು ಪೋಸ್ಟರ್ ಎತ್ತಿ ನೋಡಿದರು. ಮೂಗಿನ ಹತ್ತಿರ ತಂದರು. ಎಷ್ಟು ಸೋಪು ಹಚ್ಚಿದರೂ ಬೆಳ್ಳುಳ್ಳಿ ಬೆಣ್ಣೆ ಅಷ್ಟು ಸುಲಭಕ್ಕೆ ಕೈ ಬಿಡುತ್ತದೆಯೇ?

"ಏನ್ರೀ ಇದು, ಪೋಸ್ಟರಲ್ಲಿ ಏಡಿ ವಾಸನೆ?"

ಯಜಮಾನರ ಹುಬ್ಬು ಗಂಟಿಕ್ಕಿತು. ರಾಯರು ತಪ್ಪೊಪ್ಪಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು.

"ಘಮಘಮ ಅಂತಿದೆಯಲ್ರೀ!" ಎಂದು ಹೋಟೆಲಿನವರು ಹಿಗ್ಗಿ ಹೀರೇಕಾಯಿಯಾದರು. "ಓದೋಕೆ ಮುಂಚೆ ಬಾಯಲ್ಲಿ ನೀರು ಬರುತ್ತೆ! ಯಾರದ್ರೀ ಈ ತಲೆ?"

ಮೂರು ಬೆರಳು ಏಕಕಾಲಕ್ಕೆ ರಾಯರ ಕಡೆ ತಿರುಗಿದವು. "ಇವರದ್ದೇ ಸಾರ್. ಭಾನುವಾರಾನೂ ಬಂದು ಒದ್ದಾಡಿದ್ದಾರೆ" ಎಂದರು ಬೈಂಡಿಂಗ್ ಅಕ್ಕ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೋಟೆಲಿನವರು ಪೋಸ್ಟರ್ ಹೊತ್ತು ಹೋದ ಮೇಲೆ ಯಜಮಾನರು ರಾಯರ ಎರಡೂ ಕೈ ಹಿಡಿದುಕೊಂಡರು. "ಇಂಥವರನ್ನ ಕಳ್ಕೊಳ್ತಿದ್ನಲ್ಲ ನಾನು! ಇನ್ಮೇಲೆ ಪೋಸ್ಟರಿನ ವಾಸನೆ ಪೂರ್ತಿ ನಿಮ್ಮ ಜವಾಬ್ದಾರಿ. ನಾಳೆ ಬೆಳಿಗ್ಗೆ ಚಪ್ಪಲಿ ಅಂಗಡಿಯವರದ್ದಿದೆ. ಅದಕ್ಕೂ ತಕ್ಕ ಹಾಗೆ ಏನಾದ್ರೂ ಮಾಡಿ. ಆಗ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ, ನನ್ನ ಸ್ವಭಾವ ಗೊತ್ತಲ್ಲ?"

ಅವರು ಹೋದ ಮೇಲೆ ರಾಯರು ಕುಸಿದು ಸ್ಟೂಲಿನ ಮೇಲೆ ಕೂತರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಷಿನ್ ಅಣ್ಣ ಬಗ್ಗಿ, ಬೆಳಿಗ್ಗೆಯಿಂದ ಮೆಟ್ಟಿಕೊಂಡಿದ್ದ ಚಪ್ಪಲಿ ಬಿಚ್ಚಿ, ಚಪ್ಪಲಿ ಅಂಗಡಿಯವರ ಪೋಸ್ಟರುಗಳ ಪಕ್ಕದಲ್ಲಿಟ್ಟ. ಬೈಂಡಿಂಗ್ ಅಕ್ಕನೂ ಬಿಚ್ಚಿಟ್ಟರು. ಡಿಸೈನ್ ಮೇಡಂ ತನ್ನ ಶೂಗಳ ಲೇಸು ಸಡಿಲಿಸತೊಡಗಿದಳು.

"ಬೇಡ್ರಪ್ಪಾ, ಇಷ್ಟೊಂದು ಉಪಕಾರ..." ಎನ್ನುತ್ತ ಋಣರಾಯರು, ಮೂಗು ಮುಚ್ಚಿಕೊಳ್ಳಬೇಕಾಗಿದ್ದ ಕೈಗಳೆರಡನ್ನೂ ಜೋಡಿಸಿ ಮುಗಿದರು.