ತೊಟ್ಟಿಲ ನಾಲ್ಕನೇ ಕಾಲು

"ಕಬ್ಬಿಣವನ್ನೇ ಬೆಣ್ಣೆ ಥರ ಕಡೆದ ಕೈ ಇದು. ಮರ ಯಾವ ಲೆಕ್ಕ ಕಣೇ" ಎಂದು ಶಶಿಧರ್ ತೋಳು ಮಡಿಸಿದರು. ಹೆಂಡತಿ ವೀಣಾ ಹಣೆ ಚಚ್ಚಿಕೊಂಡರು. ಈ ಮನೆಯಲ್ಲಿ ಮಿಕ್ಸಿ, ನೀರಿನ ಮೋಟಾರು, ಅವರ ತವರಿನ ಗೋಡೆ ಗಡಿಯಾರ ಎಲ್ಲವೂ ಸದ್ಗತಿ ಕಂಡದ್ದು ಈ "ಯಾವ ಲೆಕ್ಕ" ಎಂಬ ಮಾತಿನ ಬೆನ್ನಿಗೇ.

ಈ ಸಲದ ಸರದಿ ತೊಟ್ಟಿಲಿನದು. ಅದೂ ಸ್ವಂತದ್ದಲ್ಲ, ಮಗಳು ಅನುಷಾಳನ್ನು ಕೊಟ್ಟ ಭದ್ರಾವತಿಯ ಬೀಗರದು. ಆ ಮನೆಯ ಮಕ್ಕಳೆಲ್ಲ ಮಲಗಿ ಬೆಳೆದ ಹಲಸಿನ ಮರದ ತೊಟ್ಟಿಲು. ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಬೀಗಿತ್ತಿ ಪುಷ್ಪಮ್ಮ ಅದನ್ನು ಶಿವಮೊಗ್ಗಕ್ಕೆ ಕಳಿಸಿದ್ದರು. ಮೊನ್ನೆ ಗೂಡ್ಸ್ ಆಟೋದಿಂದ ಇಳಿಸುವಾಗ "ಯಾರೂ ಮುಟ್ಟಬೇಡಿ, ನಾನೊಬ್ನೇ ಸಾಕು" ಎಂದ ಶಶಿಧರ್ ಮೆಟ್ಟಿಲ ಮೇಲೆ ಅದನ್ನು ಕೈಬಿಟ್ಟರು. ಒಂದು ಕಾಲು ಮುರಿದು ಎರಡು ತುಂಡಾಯಿತು. ಕಂಡದ್ದು ವೀಣಾ ಒಬ್ಬರೇ. ಒಳಗಿದ್ದ ಬಾಣಂತಿ ಮಗಳಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮುಂದೆ ಅತ್ತೆಯ ಮನೆಯಲ್ಲಿ ಮಾತು ಕೇಳಬೇಕಾದವಳು ಅವಳೇ ತಾನೇ.

ಕಬ್ಬಿಣ ಕಡೆಯುವ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಶಶಿಧರ್ ಕಾರ್ ಶೆಡ್ಡಿನಲ್ಲಿ ಮರವನ್ನು ತಿರುಗಿಸಿ ಕಡೆಯುವ ಸಣ್ಣ ಲೇತ್ ಯಂತ್ರ ಇಟ್ಟುಕೊಂಡಿದ್ದರು. ಹಳೆಯ ಬಾಗಿಲ ಚೌಕಟ್ಟಿನ ಹಲಸಿನ ತುಂಡಿನಲ್ಲಿ ಹೊಸ ಕಾಲು ಕಡೆದರು. ಚೆನ್ನಾಗಿಯೇ ಬಂತು. ಉಳಿದದ್ದು ಗೆರೆಗಳು ಮಾತ್ರ. ಮಿಕ್ಕ ಕಾಲುಗಳ ಮೇಲೆ ಬಳೆ ತೊಡಿಸಿದ ಹಾಗೆ ಮೂರು ಮೂರು ಕಪ್ಪು ಗೆರೆಗಳಿದ್ದವು.

"ಇದು ತಂತೀಲಿ ಸುಟ್ಟ ಗೆರೆ" ಎಂದು ಶಶಿಧರ್ ಗೆರೆಯನ್ನು ಮುಟ್ಟಿಯೂ ನೋಡದೆ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಮರ ತಿರುಗ್ತಿರುವಾಗ ತಂತಿ ಬಿಗಿಯಾಗಿ ಒತ್ತಿ ಹಿಡಿದ್ರೆ, ಉಜ್ಜಿ ಉಜ್ಜಿ ಕಾದು ಕಪ್ಪಾಗತ್ತೆ."

"ರೀ, ನಿನ್ನೆ ನಾನು ಅದನ್ನ ಒರೆಸುವಾಗ..."

"ನೀನು ಸುಮ್ನಿರು ಮಾರಾಯ್ತಿ."

"ಒಂಚೂರು ಕಾಡಿಗೆ ಹಚ್ಚಿಬಿಡಿ ಅಂತ ಹೇಳೋಕೆ ಬಂದೆ" ಎಂದು ವೀಣಾ ಕೈಯಲ್ಲಿದ್ದ ಡಬ್ಬಿ ತೋರಿಸಿದರು.

"ಕಾಡಿಗೇನಾ? ಜೀವಮಾನವೆಲ್ಲ ಲೇತ್ ಹಿಡಿದೋನು ಕಾಡಿಗೆ ಡಬ್ಬಿ ಹಿಡೀಬೇಕಾ?"

ಅಷ್ಟರಲ್ಲಿ ಫೋನ್ ಬಂತು. "ಬೀಗ್ರೇ, ಭದ್ರಾವತಿ ಬಿಟ್ವಿ" ಎಂದರು ಶಾಸ್ತ್ರಕ್ಕೆ ಹೊರಟಿದ್ದ ಪುಷ್ಪಮ್ಮ.

ತಂತಿಯನ್ನು ಬೆರಳಿಗೆ ಸುತ್ತಿಕೊಂಡರೆ ಬೆರಳೇ ಹೋಗುತ್ತದೆಂಬ ಬುದ್ಧಿ ಶಶಿಧರ್‌ಗೆ ಇತ್ತು. ಎರಡು ತುದಿಗೂ ಹಿಡಿ ಬೇಕು. ಮುರಿದ ಕಾಲಿನ ಎರಡು ತುಂಡುಗಳು ಅಲ್ಲೇ ಬಿದ್ದಿದ್ದವು. ಅವಕ್ಕೇ ತಂತಿ ಕಟ್ಟಿ, ಲೇತ್ ಹಾಕಿ, ಗೆರೆ ಬರಬೇಕಾದ ಕಡೆ ಒತ್ತಿದರು. ಮರ ಕಿರುಗುಟ್ಟಿತು, ಸಣ್ಣಗೆ ಹೊಗೆಯೆದ್ದಿತು.

ಅಲ್ಲೇ ಎಡವಟ್ಟಾದದ್ದು. ಕಬ್ಬಿಣ ಕಡೆಯುವವರಿಗೆ ಹೊಗೆ ಎಂದರೆ ಗಂಡಾಂತರ. ಹೊಗೆ ಕಂಡರೆ ಎಣ್ಣೆ ಬಿಡಬೇಕು. ತಲೆ ಬೇಡ ಎನ್ನುವಷ್ಟರಲ್ಲಿ ಎಡಗೈ ತಂತಿ ಬಿಟ್ಟು ಎಣ್ಣೆ ಡಬ್ಬಿ ಒತ್ತಿಯಾಗಿತ್ತು. ಗೆರೆ ಕಪ್ಪಾಗುವ ಬದಲು ಕಾಲು ಅಭ್ಯಂಜನ ಮಾಡಿಕೊಂಡು ಮಿನುಗಿತು.

ಒರೆಸಿ, ಉಜ್ಜುಕಾಗದ ಹಾಕಿ ಮತ್ತೆ ಶುರು ಮಾಡಿದರು. ವೀಣಾ ಎಣ್ಣೆ ಡಬ್ಬಿಯನ್ನು ಎತ್ತಿಟ್ಟರು. ಮತ್ತೆ ಹೊಗೆಯೆದ್ದಿತು. ಎಡಗೈ ತಡಕಾಡಿತು, ಡಬ್ಬಿ ಸಿಗಲಿಲ್ಲ, ಕಾಫಿ ಲೋಟ ಸಿಕ್ಕಿತು. ಅದನ್ನೇ ಸುರಿಯಿತು. ಕೈತಪ್ಪಿದ ತಂತಿ ಗಿರ್ರನೆ ಸುತ್ತಿ ಬಂದು ಅವರ ಕನ್ನಡಕವನ್ನು ಕಿತ್ತು ಗೋಡೆಗೆ ಎಸೆಯಿತು. ಇನ್ನೊಂದು ಅಂಗುಲ ಈಚೆ ಬಂದಿದ್ದರೆ ಕಣ್ಣೇ ಹೋಗುತ್ತಿತ್ತು. ವೀಣಾ ಓಡಿ ಬಂದು ಲೇತ್ ಆಫ್ ಮಾಡಿದರು.

"ಸಾಕು ಬಿಡ್ರೀ, ನಿಜ ಹೇಳಿಬಿಡೋಣ."

"ಆ ತೊಟ್ಟಿಲು ಅಂದ್ರೆ ಅವರಿಗೆ ಪ್ರಾಣ. ಅನುಷಾ ಮುಖ ನೋಡೋಕಾಗಲ್ಲ ನಂಗೆ."

ಮತ್ತೆ ಫೋನ್. "ಮಲವಗೊಪ್ಪ ದಾಟಿದ್ವಿ ಬೀಗ್ರೇ, ಇನ್ನೇನು ಬಂದೇಬಿಟ್ವಿ."

ವೀಣಾ ಸೀರೆ ಸೆರಗು ಸಿಕ್ಕಿಸಿ ಲೇತಿನ ಸ್ವಿಚ್ಚಿನ ಹತ್ತಿರ ನಿಂತರು. "ಹೊಗೆ ಬಂದ್ರೆ ಬರ್ಲಿ. ಎರಡೂ ಕೈ ಹಿಡೀಲೇ ಇರ್ಲಿ. ಬಿಟ್ರೆ ನಾನೇ ಆಫ್ ಮಾಡ್ತೀನಿ, ಆಮೇಲೆ ಬೀಗಿತ್ತಿ ಹತ್ರ ನೀವೇ ಮಾತಾಡ್ಕೊಳ್ಳಿ."

ಹೊಗೆಯೆದ್ದಿತು. ಎಡಗೈ ಎಣ್ಣೆ ಡಬ್ಬಿಯ ಕಡೆಗೇ ಎಳೆಯಿತು, ಆದರೂ ಹಿಡಿ ಬಿಡಲಿಲ್ಲ. ಸುಟ್ಟ ವಾಸನೆಯೊಂದಿಗೆ ಒಂದು ಕಪ್ಪು ಗೆರೆ ಮೂಡಿತು, ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಶಶಿಧರ್‌ಗೆ ಅಳುವಷ್ಟು ಸಂತೋಷವಾಯಿತು. ಹಳೆಯ ಕಾಲಿನ ತುಂಡು ಹಿಡಿದಿದ್ದ ಅಂಗೈಯೆಲ್ಲ ಕಪ್ಪಾಗಿತ್ತು. ಹೊಗೆಯ ಮಸಿ ಇರಬೇಕೆಂದು ಪಂಚೆಗೆ ಒರೆಸಿಕೊಂಡು, ಕಾಲನ್ನು ತೊಟ್ಟಿಲಿಗೆ ಬಡಿದು ಕೂರಿಸುವುದಕ್ಕೂ ಗೇಟಿನ ಮುಂದೆ ಕಾರು ನಿಲ್ಲುವುದಕ್ಕೂ ಸರಿಹೋಯಿತು.

ಪುಷ್ಪಮ್ಮ ನೇರವಾಗಿ ತೊಟ್ಟಿಲ ಹತ್ತಿರ ಬಂದು ಕೂತರು. ಒಂದು ಕಾಲಿನ ಗೆರೆಯ ಮೇಲೆ ಹೆಬ್ಬೆರಳು ಸವರಿದರು. ಬೆರಳು ಕಪ್ಪಾಯಿತು. ಎರಡನೆಯ ಕಾಲು, ಮೂರನೆಯ ಕಾಲು, ಅಲ್ಲೂ ಕಪ್ಪು. ಬೆರಳನ್ನು ಕರ್ಚೀಫಿಗೆ ಒರೆಸಿ ನಾಲ್ಕನೆಯದನ್ನು ಸವರಿದರು. ಏನೂ ಹತ್ತಲಿಲ್ಲ. ಉಜ್ಜಿ ನೋಡಿದರು. ಆಗಲೂ ಹತ್ತಲಿಲ್ಲ.

"ಮಗೂಗೆ ದೃಷ್ಟಿ ತಾಗ್ಬಾರ್ದು ಅಂತ ನಮ್ಮನೇಲಿ ನಾಲ್ಕು ಕಾಲಿಗೂ ಕಾಡಿಗೇಲಿ ಗೆರೆ ಎಳೀತೀವಿ. ಕಳಿಸೋ ದಿನ ನಾನೇ ಎಳ್ದಿದ್ದೆ. ಇದೊಂದು ಅಳಿಸಿ ಹೋಗ್ತಾನೇ ಇಲ್ವಲ್ಲ ಬೀಗ್ರೇ."

ಆಟೋದವನ ಮೇಲೆ ಹಾಕಬಹುದಿತ್ತು. ಗೆದ್ದಲು ಎನ್ನಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ ನಿಜವೇ. "ನಾನೇ ಬೀಳಿಸಿ ಮುರ್ದೆ ಪುಷ್ಪಮ್ಮನೋರೆ, ಈ ಕಾಲು ನಾನೇ ಕಡೆದದ್ದು. ಅನುಷಾಗೆ ಏನೂ ಗೊತ್ತಿಲ್ಲ."

ಪುಷ್ಪಮ್ಮ ಹೊಸ ಕಾಲನ್ನು ಬಗ್ಗಿ ನೋಡಿದರು, ಕನ್ನಡಕವಿಲ್ಲದ ಬೀಗರ ಮುಖವನ್ನೂ ನೋಡಿದರು. ಆಮೇಲೆ ಕಾಡಿಗೆ ಕೇಳಿದರು. ಬೆಳಗಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದ ಡಬ್ಬಿಯನ್ನು ವೀಣಾ ಮುಂದೆ ಹಿಡಿದರು.

"ಈ ಕಾಲಿಗೆ ಬೇಡ, ಇದರ ದೃಷ್ಟಿ ಆಗ್ಲೇ ಸುಟ್ಟೋಗಿದೆ" ಎಂದು ಪುಷ್ಪಮ್ಮ ನಕ್ಕರು. "ಬೀಗರ ಕೆನ್ನೆಗೆ ಒಂದು ಬೊಟ್ಟಿಡಿ ವೀಣಕ್ಕ. ಇಂಥ ಕೆಲಸಗಾರರಿಗೇ ಮೊದ್ಲು ದೃಷ್ಟಿ ತಾಗೋದು."

ವೀಣಾ ದೊಡ್ಡದಾಗಿಯೇ ಇಟ್ಟರು. ಇಡುತ್ತಾ ಮೆಲ್ಲಗೆ, "ನಿನ್ನೆ ಒರೆಸುವಾಗ ಬಟ್ಟೆಗೆ ಕಪ್ಪು ಹತ್ತಿತ್ತು. ಅದನ್ನೇ ಹೇಳೋಕೆ ಬಂದಿದ್ದು" ಎಂದರು.

ಜೀವಮಾನವೆಲ್ಲ ಲೇತ್ ಹಿಡಿದವರು ಇನ್ನೊಂದು ಕೆನ್ನೆಯನ್ನೂ ಒಡ್ಡಿದರು.