ಐದು ಗಂಟೆಗೆ ನಳ ಬರುತ್ತಾನೆ

ಮಕ್ಕಳಿಗೆ ವ್ಯಾಕರಣ ಕಲಿಸಲು ಹೊರಟವರಿಗೆ ಎರಡೇ ದಾರಿ. ಒಂದೋ ತಲೆ ಚಚ್ಚಿಕೊಳ್ಳಬೇಕು, ಇಲ್ಲವೋ ನಕ್ಕು ಸುಮ್ಮನಾಗಬೇಕು. ಎಪ್ಪತ್ತರ ದಶಕದಲ್ಲಿ ಮಲಾಡ್‌ನ ಒಂದು ಕನ್ನಡ ಶಾಲೆಯಲ್ಲಿ ನಾನು ಎರಡನ್ನೂ ಮಾಡುತ್ತಿದ್ದೆ, ಕೆಲವು ಸಲ ಒಂದೇ ಪಿರಿಯಡ್ಡಿನಲ್ಲಿ.

ನಾನು ಧಾರವಾಡ ಕಡೆಯವಳು. ಕಾಂದಿವಲಿಯಿಂದ ದಿನಾ ಲೋಕಲ್ ಹಿಡಿದು ಬರುತ್ತಿದ್ದೆ. ನನ್ನ ಏಳನೇ ತರಗತಿಯ ಮಕ್ಕಳು ಮನೆಯಲ್ಲಿ ತುಳುವೋ ದಖನಿ ಉರ್ದುವೋ, ಸಾಲುಮನೆಗಳ ಚಾಳಿನಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ ಆಡಿ, ಉಳಿದ ಉಸಿರಿನಲ್ಲಿ ಕನ್ನಡ ಬರೆಯುತ್ತಿದ್ದರು. ಮರಾಠಿ ಶಾಲೆಗಳಲ್ಲಿ ಟೀಚರಮ್ಮನಿಗೆ ಅನ್ನುವ ಹಾಗೆ ನನ್ನನ್ನು 'ಬಾಯಿ' ಎಂದು ಕರೆಯುತ್ತಿದ್ದರು. ನನ್ನ ಬಾಯಿ ಹೇಗೂ ಸ್ವಲ್ಪ ದೊಡ್ಡದೇ, ಅದಕ್ಕೇ ನಾನು ತಕರಾರು ಮಾಡಲಿಲ್ಲ.

ಆ ವರ್ಷ ಶಾಲೆ ಶುರುವಾದ ವಾರವೇ ಹೆಡ್‌ಮಾಸ್ತರರು ನನ್ನನ್ನು ಕರೆದರು. ಅವರು ಬೆಳಗಾವಿ ಕಡೆಯವರು.

"ಮಾರ್ಚ್‌ನಾಗ ಇನ್ಸ್‌ಪೆಕ್ಟರ್ ಬರ್ತಾರ. ನಿಮ್ಮ ಮಕ್ಕಳು ತಪ್ಪಿಲ್ಲದ ಹತ್ತು ಸಾಲು ಬರದ್ರ ಶಾಲೆ ಉಳೀತದ. ಇಲ್ಲಾಂದ್ರ ಮುಚ್ತಾರ. ಮಕ್ಕಳು ಹಿಂದಿ ಶಾಲೆಗೆ ಹೋಗ್ತಾರ."

"ಮತ್ತ ನಾನು?"

"ನೀವು ಮನಿಗೆ."

ಅಂದೇ ತರಗತಿಯಲ್ಲಿ ಕಾನೂನು ಮಾಡಿದೆ. ತಪ್ಪು ಬರೆದ ವಾಕ್ಯವನ್ನು ಸರಿಮಾಡಿ ಹತ್ತು ಸಲ ಬರೆಯಬೇಕು, ಯಾರೇ ಆಗಲಿ ಬಿಡುವಂತಿಲ್ಲ. ಆ 'ಯಾರೇ ಆಗಲಿ' ಎಂಬ ಮಾತು ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ಗೊತ್ತಿರಲಿಲ್ಲ.

೧. ಅಜ್ಜನಿಗೊಂದು ಕಾಗದ

ಸುಳ್ಳು ಕಾಗದ ಬರೆಸಿದರೆ ಮಕ್ಕಳು ಮನಸ್ಸಿಟ್ಟು ಬರೆಯುವುದಿಲ್ಲ ಎಂದು ಎಲ್ಲರಿಂದ ಊರಿನ ಅಜ್ಜ ಅಜ್ಜಿಯರಿಗೆ ನಿಜವಾದ ಕಾಗದವನ್ನೇ ಬರೆಸಿದೆ. ಟ್ರೇನಿಗೆ ಹೊತ್ತಾಗಿತ್ತು. ಓದದೆಯೇ ಎಲ್ಲವನ್ನೂ ಟಪಾಲು ಡಬ್ಬಿಗೆ ಹಾಕಿಬಿಟ್ಟೆ.

ಎರಡು ವಾರದ ಮೇಲೆ ತರಗತಿಯ ಬಾಗಿಲಲ್ಲಿ ಒಬ್ಬ ಮುದುಕರು ಕೊಡೆ ಹಿಡಿದು ನಿಂತಿದ್ದರು. ಮಲಾಡ್‌ನ ಒಂದು ಹೋಟೆಲಿನ ಅಡುಗೆ ಭಟ್ಟರ ತಂದೆ, ಉಡುಪಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದವರು. ಭಟ್ಟರ ಮಗ ನನ್ನ ಎರಡನೇ ಬೆಂಚಿನಲ್ಲಿದ್ದ. ಮುದುಕರು ಮೊಮ್ಮಗನ ಕಡೆ ನೋಡಲೂ ಇಲ್ಲ, ಕಾಗದ ಬಿಚ್ಚಿ ನನ್ನ ಮುಂದೆ ಹಿಡಿದರು.

"ಟೀಚರೇ, ಇದನ್ನೊಮ್ಮೆ ಓದಿ ಮಾರಾಯ್ರೆ."

ಓದಿದೆ. 'ಅಪ್ಪ ನಾಲ್ಕು ಗಂಟೆಗೆ ಹೋಟೆಲಿಗೆ ಹೋಗುತ್ತಾನೆ. ಐದು ಗಂಟೆಗೆ ನಳ ಬರುತ್ತಾನೆ. ಅಮ್ಮ ಅವನಿಗಾಗಿ ಕಾದು ನಿಲ್ಲುತ್ತದೆ. ಚಾಳಿನ ಹೆಂಗಸರೆಲ್ಲ ಅವನಿಗಾಗಿ ಜಗಳಾಡುತ್ತಾರೆ. ನಿನ್ನೆ ನಳ ಬರಲಿಲ್ಲ. ಅಮ್ಮ ಅತ್ತಿತು.'

"ಈ ನಳ ಯಾರು ಟೀಚರೇ? ಯಾವ ಊರಿನವ?"

ನನಗೆ ನಗು ತಡೆಯಲು ಸೆರಗೇ ಬೇಕಾಯಿತು. ಮರಾಠಿಯಲ್ಲಿ ನಲ್ಲಿಗೆ ನಳ ಎನ್ನುತ್ತಾರೆ, ಅದೂ ಗಂಡಸು. ನೀರು ಬಂತು ಎನ್ನುವ ಬದಲು ನಳ ಬಂದ ಎನ್ನುವುದು ಇಲ್ಲಿಯ ರೂಢಿ. ಇಷ್ಟು ಹೇಳಿದರೂ ಮುದುಕರಿಗೆ ನಂಬಿಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ತಾವೇ ಕೊಡ ಹಿಡಿದು ಸಾಲಿನಲ್ಲಿ ನಿಂತರಂತೆ. ಆರೂವರೆಯವರೆಗೆ ನಿಂತರೂ ಒಂದು ಹನಿ ಬರಲಿಲ್ಲ. ಊರಿಗೆ ಹೊರಡುವ ಮೊದಲು ಶಾಲೆಗೆ ಬಂದು ಹೇಳಿ ಹೋದರು.

"ನನ್ನ ಸೊಸೆಯದು ತಪ್ಪಿಲ್ಲ ಟೀಚರೇ. ಆ ನಳ ಮಾತ್ರ ಸರಿಯಾದ ಜನ ಅಲ್ಲ."

೨. ಉಸಿರಾಡದ್ದೆಲ್ಲ 'ಅದು'

ಆಮೇಲೆ ಎಲ್ಲರ ನೋಟ್‌ಬುಕ್ಕು, ನಮ್ಮ ಮಾತಿನಲ್ಲಿ ಪಟ್ಟಿ, ತೆರೆದು ನೋಡಿದರೆ ಟ್ರೇನ್ ಬರುತ್ತಾಳೆ, ಫ್ಯಾನು ತಿರುಗುತ್ತಾನೆ, ಅಮ್ಮ ಮಾತ್ರ ಬರುತ್ತದೆ. ವಸ್ತುಗಳಿಗೆ ಗಂಡು ಹೆಣ್ಣು ಬಂದದ್ದು ಹಿಂದಿ ಮರಾಠಿಯಿಂದ. ಅಮ್ಮ 'ಅದು' ಆದದ್ದು ಕರಾವಳಿಯ ಮನೆಮಾತಿನಿಂದ. ಒಟ್ಟಿನಲ್ಲಿ ಮಲಾಡ್‌ನಲ್ಲಿ ಹೆಂಗಸರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಜೀವ ಬಂದಿತ್ತು.

ನಾನು ಸುಲಭದ ಸೂತ್ರ ಮಾಡಿದೆ. "ನೋಡ್ರಿ, ಉಸಿರಾಡೋ ಮನಷ್ಯಾರಿಗೆ ಮಾತ್ರ ಅವನು, ಅವಳು. ಉಸಿರಾಡದ್ದೆಲ್ಲ ಅದು. ತಿಳೀತಿಲ್ಲೋ?"

ಮೊದಲ ಬೆಂಚಿನಿಂದ ಮನೆ ಕಟ್ಟುವ ಗವಂಡಿಯೊಬ್ಬನ ಮಗಳು ಎದ್ದು ನಿಂತಳು. ಬಿಜಾಪುರ ಕಡೆಯ ಮುಸಲ್ಮಾನರ ಹುಡುಗಿ. ತರಗತಿಯಲ್ಲಿ ಸೂತ್ರವನ್ನು ಸೂತ್ರವೆಂದೇ ನಂಬುತ್ತಿದ್ದವಳು ಅವಳೊಬ್ಬಳೇ.

"ಬಾಯಿ, ನಮ್ಮ ದಾದಾ, ಅಂದ್ರ ನಮ್ಮ ಅಜ್ಜಾರು, ಹ್ವಾದ ವರ್ಷ ತೀರಿಕೊಂಡ್ರು. ಈಗ ಉಸಿರಾಡಂಗಿಲ್ಲ. ಇನ್ನ ಮ್ಯಾಲ ದಾದಾಗ 'ಅದು' ಅನಬೇಕೇನ್ರಿ?"

"ಛೇ, ಸತ್ತರೂ ದಾದಾ ದಾದಾನ. ಕೂಡು."

"ಹಂಗಾದ್ರ ಸೂತ್ರ ತಪ್ಪೈತಿ. ಹತ್ತು ಸಲ ಬರೀರಿ ಬಾಯಿ."

ಬರೆದೆ, ಬೋರ್ಡಿನ ಮೇಲೆ. ಕಾನೂನು ನನ್ನದೇ ಅಲ್ಲವೇ?

೩. ನಾಳೆಯ ಸುದ್ದಿ

ಇಂಥವಳ ಕೈಗೆ ಕೆಂಪು ಪೆನ್ಸಿಲ್ ಕೊಟ್ಟದ್ದು ನನ್ನ ಬುದ್ಧಿಗೇಡಿತನ. ನಲವತ್ತು ಪಟ್ಟಿ ತಿದ್ದಿ ತಿದ್ದಿ ಸಾಕಾಗಿ, "ನೀನು ಮೊದಲು ನೋಡು, ಆಮೇಲೆ ನಾನು ನೋಡ್ತೀನಿ" ಎಂದಿದ್ದೆ.

ಒಂದು ದಿನ ಹೆಡ್‌ಮಾಸ್ತರರು ಅವಸರದಲ್ಲಿ ಬೋರ್ಡಿನ ಮೇಲೆ 'ನಾಳೆ ಶಾಲೆಗೆ ಸುಟ್ಟಿ ಇದೆ' ಎಂದು ಬರೆದು ಹೋದರು. ರಜೆಗೆ ಮರಾಠಿಯಲ್ಲಿ ಸುಟ್ಟಿ. ಮಕ್ಕಳು 'ಗೆ' ನುಂಗಿ, ಉಳಿದದ್ದನ್ನು ಅಂಟಿಸಿ 'ನಾಳೆ ಶಾಲೆ ಸುಟ್ಟಿದೆ' ಎಂದು ಬರೆದುಕೊಂಡರು. ಕೆಂಪು ಪೆನ್ಸಿಲಿನವಳು ಒಂದೊಂದೇ ಪಟ್ಟಿ ನೋಡಿದಳು. ನಾಳೆ ಎಂದ ಮೇಲೆ ಭವಿಷ್ಯತ್ ಕಾಲ ಬರಬೇಕು ಎಂದು ನಾನೇ ಹಿಂದಿನ ವಾರ ಕಲಿಸಿದ್ದೆ. ನಲವತ್ತೂ ಪಟ್ಟಿಯಲ್ಲಿ ತಿದ್ದಿದಳು: 'ನಾಳೆ ಶಾಲೆ ಸುಡುತ್ತದೆ.' ಟ್ರೇನಿನ ಅವಸರದಲ್ಲಿ ನಾನು ಅಂದು ಮತ್ತೆ ನೋಡಲೇ ಇಲ್ಲ, ಎಲ್ಲರೂ ಅದನ್ನೇ ಹತ್ತು ಸಲ ಬರೆದು ಮನೆಗೆ ಒಯ್ದರು.

ರಜೆಯ ದಿನ ಬೆಳಿಗ್ಗೆ ಶಾಲೆಯ ಪ್ಯೂನ್ ಏದುಸಿರು ಬಿಡುತ್ತಾ ಕಾಂದಿವಲಿಗೆ ಬಂದ. ನಾನು ಹೋಗಿ ನೋಡಿದರೆ ಗೇಟಿನಲ್ಲಿ ಪಾಲಕರ ಜಾತ್ರೆ. ಅಡುಗೆ ಭಟ್ಟರು ಹೋಟೆಲಿನ ಎರಡು ಬಕೆಟ್ ನೀರು ತಂದಿದ್ದರು. ಗವಂಡಿ ಒಂದು ಬುಟ್ಟಿ ಉಸುಕು ಹೊತ್ತು ತಂದು ಮುಂದೆಯೇ ನಿಂತಿದ್ದ. ನನ್ನನ್ನು ಕಂಡು ಬುಟ್ಟಿ ಇಳಿಸಿ ಕೈಮುಗಿದ.

"ಬಾಯಾರ, ಸುಡೂದು ಎಷ್ಟೊತ್ತಿಗ್ರಿ? ನಾ ಹನ್ನೊಂದಕ್ಕ ಗೋರೆಗಾಂವ್‌ಗೆ ಕೆಲಸಕ್ಕ ಹೋಗಬೇಕು."

೪. ಭೇಟಿ ಪುಸ್ತಕ

ಕೊನೆಗೂ ಇನ್ಸ್‌ಪೆಕ್ಟರ್ ಬಂದರು. ಹೆಸರಿಗೆ ಕನ್ನಡಿಗರು, ಆದರೆ ಹುಟ್ಟಿದ್ದು ಮುಂಬಯಿಯಲ್ಲಿ, ಕಲಿತದ್ದು ಮರಾಠಿಯಲ್ಲಿ. ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ. ಅವರು ತಾವೇ ವಿಷಯ ಕೊಟ್ಟರು: 'ನಮ್ಮ ಬಾಯಿ.' ಮಕ್ಕಳು ಬರೆದರು. ಅವರು ಮೊದಲು ಎತ್ತಿಕೊಂಡದ್ದು ಭಟ್ಟರ ಮಗನ ಪಟ್ಟಿ. ಗಟ್ಟಿಯಾಗಿ ಓದಿದರು.

'ನಮ್ಮ ಬಾಯಿ ಕಾಂದಿವಲಿಯಿಂದ ಬರುತ್ತದೆ. ನಮ್ಮ ಬಾಯಿ ಒಂದು ನಿಮಿಷವೂ ಮುಚ್ಚುವುದಿಲ್ಲ. ನಮ್ಮ ಬಾಯಿ ಹೋದರೆ ನಮಗೆ ಕನ್ನಡ ಬರುವುದಿಲ್ಲ.'

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದರು. "ಬಾಯಿ, ಇದು ನಿಮ್ಮ ಮೇಲೆ ಬರೆದ ನಿಬಂಧವೋ, ಹಲ್ಲಿನ ಡಾಕ್ಟರಿಗೆ ಬರೆದ ಚೀಟಿಯೋ?"

"ಸರ್, ಬಾಯಿ ನಪುಂಸಕಲಿಂಗ. ವ್ಯಾಕರಣ ಎಲ್ಲಾ ಬರೋಬರಿ ಅದ," ಎಂದೆ. ಕೊನೆಯ ಸಾಲಿಗೆ ನನ್ನ ಕಣ್ಣು ತುಂಬಿತ್ತು.

ಅವರು ಮತ್ತೊಮ್ಮೆ ಓದಿ ತಪ್ಪು ಹುಡುಕಿದರು. ಸಿಗಲಿಲ್ಲ. ಬಂದವರು ಅಭಿಪ್ರಾಯ ಬರೆಯುವ ಭೇಟಿ ಪುಸ್ತಕ ತರಿಸಿ ಸ್ವತಃ ಕನ್ನಡದಲ್ಲಿ ಬರೆದರು: 'ಶಾಲೆ ಚೆನ್ನಾಗಿದ್ದಾಳೆ. ಅವಳನ್ನು ಮುಚ್ಚಬಾರದು.'

ಸಾಕು, ಗೆದ್ದೆ ಅನಿಸಿತು. ಶಾಲೆಯನ್ನು ಅವರು ಅತ್ತೆ ಎಂದಿದ್ದರೂ ನಾನು ಒಪ್ಪುತ್ತಿದ್ದೆ. ಪುಸ್ತಕವನ್ನು ಹೆಡ್‌ಮಾಸ್ತರರಿಗೆ ಕೊಟ್ಟು ಬಾ ಎಂದು ಮೊದಲ ಬೆಂಚಿನವಳ ಕೈಗೆ ಕೊಟ್ಟೆ. ಅವಳು ಬಾಗಿಲವರೆಗೆ ಹೋಗಿ ನಿಂತಳು, ಓದಿದಳು, ತಿರುಗಿ ಬಂದಳು. ಎರಡು ಶಬ್ದಕ್ಕೆ ಕೆಂಪು ಗೆರೆ ಬಿದ್ದಿತ್ತು.

"ಸರ್, ಎರಡು ತಪ್ಪು ಅದಾವ್ರಿ."

ಇನ್ಸ್‌ಪೆಕ್ಟರ್ ಪುಸ್ತಕ ಹತ್ತಿರ ಎಳೆದುಕೊಂಡರು. "ಮರಾಠಿಯಲ್ಲಿ ಶಾಳಾ ಹೆಣ್ಣಲ್ಲವೇನಮ್ಮಾ?"

"ಕನ್ನಡದಾಗ ಅಲ್ರಿ. ಶಾಲೆ ಉಸಿರಾಡಂಗಿಲ್ಲ."

"ಹಾಗಾದರೆ ಈಗ ಏನು ಮಾಡಬೇಕು?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

"ಸರಿಮಾಡಿ ಹತ್ತು ಸಲ ಬರೀಬೇಕ್ರಿ. ಯಾರೇ ಆಗಲಿ."

ಆ ಪುಣ್ಯಾತ್ಮ ಎರಡನೇ ಬೆಂಚಿನಲ್ಲಿ ಭಟ್ಟರ ಮಗನ ಪಕ್ಕ ಕೂತು ಹತ್ತು ಸಲ ಬರೆದರು: 'ಶಾಲೆ ಚೆನ್ನಾಗಿದೆ. ಅದನ್ನು ಮುಚ್ಚಬಾರದು.' ಮೇಲಿನ ಆಫೀಸಿನವರು ಅದನ್ನು ನೋಡಿ, ಒಂದೇ ಶಾಲೆಗೆ ಹತ್ತು ಸಲ ಶಿಫಾರಸು ಮಾಡಿದವರು ಇವರೊಬ್ಬರೇ ಎಂದು ಬೆರಗಾಗಿ ಮುಚ್ಚುವ ಮಾತನ್ನೇ ಬಿಟ್ಟರಂತೆ. ಹತ್ತನೇ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಇದ್ದದ್ದನ್ನು ನಾನೂ ಆಮೇಲೆಯೇ ನೋಡಿದ್ದು:

'ಪಾಸ್. ಅಕ್ಷರ ಸುಧಾರಿಸಬೇಕು.'