ಕಪ್ಪೆ ಇಲ್ಲದ ಆಟಿಕೆ

ಮಕ್ಕಳಿಗೆ ಆಟಿಕೆ ಹುಡುಕಲು ಹೊರಟವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ನನಗೆ ಸ್ವಲ್ಪ ಜಾಸ್ತಿ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಎಂದು ಮಾತ್ರ ಕೇಳಬೇಡಿ.

೧. ಡಬ್ಬಿ

ಆಗ ಯುದ್ಧದ ಕಾಲ. ಕುಂದಾಪುರದ ಅಂಗಡಿಗಳಲ್ಲಿ ಅಕ್ಕಿಗೇ ತತ್ವಾರ, ಆಟಿಕೆ ಎಲ್ಲಿಂದ ಬರಬೇಕು? ಮಗಳಿಗೆ ನಾಲ್ಕು ತುಂಬುತ್ತಿತ್ತು. ಮುಚ್ಚಳ ತೆಗೆದು ಹಾಕಿ ಮಾಡಿದರೆ ಮಕ್ಕಳ ಬೆರಳು ಪಳಗುತ್ತದೆಂದು ಯಾರೋ ಹೇಳಿದ್ದರು. ಒಂದು ಖಾಲಿ ನಶ್ಯದ ಡಬ್ಬಿ ಕೊಟ್ಟೆ. ಬರೀ ಖಾಲಿ ಕೊಟ್ಟರೇನು ಚೆಂದ ಎಂದು ಒಳಗೊಂದು ಕಪ್ಪೆ ಇಟ್ಟೆ, ಮೊಲದಷ್ಟು ದೊಡ್ಡದು. ಅದು ನಶ್ಯದ ಡಬ್ಬಿಯಲ್ಲಿ ಹೇಗೆ ಹಿಡಿಯಿತೆಂದು ಹೆಂಡತಿ ಈಗಲೂ ಕೇಳುತ್ತಾಳೆ.

ಮಗಳು ಮುಚ್ಚಳ ತೆಗೆದಳು. ಕಪ್ಪೆ ನೇರ ನನ್ನ ಅಮ್ಮನ ಗಂಜಿ ಬಟ್ಟಲಿಗೆ ಹಾರಿತು.

ಅಂದಿನಿಂದ ನಾನು ಏನು ಚಾಚಿದರೂ ಮಗಳು ಎರಡೂ ಕೈ ಬೆನ್ನ ಹಿಂದೆ ಕಟ್ಟುತ್ತಿದ್ದಳು. "ಅಜ್ಜಿ ಕಾಣ್ಲಿ ಮೊದ್ಲ್," ಅಂದರೆ ಮೊದಲು ಅಜ್ಜಿ ನೋಡಲಿ. ನನ್ನ ಕೈಯಿಂದ ಅವಳು ಒಂದೇ ಒಂದು ಸಾಮಾನು ತೆಗೆದುಕೊಂಡರೆ ಸಾಕು ಅನ್ನಿಸುವಂತಾಯಿತು. ಅಮ್ಮನಂತೂ ಗಂಜಿಯನ್ನು ಮುಚ್ಚಿಕೊಂಡೇ ಉಣ್ಣುತ್ತಿದ್ದಳು.

೨. ಮರದ ತುಂಡು

ಬಿಜೂರಿನ ಬಡಗಿಯಿಂದ ಹಲಸಿನ ಮರದ ತುಂಡುಗಳನ್ನು ಮಾಡಿಸಿದೆ, ದೊಡ್ಡದರ ಮೇಲೆ ಚಿಕ್ಕದು ಇಟ್ಟು ಕಟ್ಟುವುದಕ್ಕೆ. ಮಗಳು ಕೈ ಕಟ್ಟಿ ನಿಂತಳು. ಅಮ್ಮನ ಪರೀಕ್ಷೆಗೆಂದು ಒಳಗೆ ಹೋದ ತುಂಡುಗಳು ಹೊರಗೆ ಬರಲಿಲ್ಲ. ಒಂದು ಮಂಚದ ಕಾಲಡಿ ಸೇರಿತು, ಒಂದು ಬಾಗಿಲಿಗೆ, ಒಂದು ಅಕ್ಕಿ ಪೆಟ್ಟಿಗೆಯ ಬುಡಕ್ಕೆ.

ಬಡಗಿ ದಾರಿಯಲ್ಲಿ ಸಿಕ್ಕಿ ಕೇಳಿದ, "ಹ್ವಾಯ್, ಹೆಣ್ಣ್ ಎಂತ ಕಲ್ತಿತ್?"

"ಹೆಣ್ಣ್ ಎಂತದೂ ಕಲಿಲಿಲ್ಲ ಮಾರಾಯಾ. ಮನಿ ಅಲ್ಗಾಡುದ್ ನಿಂತಿತ್."

೩. ಲೆಕ್ಕ

ಅಷ್ಟರಲ್ಲಿ ಅಮ್ಮ ಖರ್ಚಿಲ್ಲದೆ ಗೆದ್ದಿದ್ದಳು. ತಾನು ಭತ್ತ ಅಳೆಯುವಾಗ ಮೊಮ್ಮಗಳ ಕೈಗೆ ತೆಂಗಿನ ಗೆರಟೆ, ಅದೇ ಕರಟ, ಕೊಟ್ಟು ಮರಳು ಅಳೆಯಲು ಕೂರಿಸುತ್ತಿದ್ದಳು. ಅಳೆಯುವಾಗ ಮೊದಲ ಸೇರಿಗೆ ಯಾರೂ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಮಗಳೂ ಹಾಗೇ ಕಲಿತಳು.

ಕೊಕ್ಕರ್ಣೆಯಿಂದ ಬಂದ ಮಾಸ್ತರರೊಬ್ಬರು ಕೇಳಿದರು, "ಮಗು, ನಿಂಗೆ ಮೂಗ್ ಎಷ್ಟ್?"

"ಲಾಭ."

"ಒಂದ್ ಅಂದ್ ಹೇಳ್ಕ್."

ಅಮ್ಮ ಒಳಗಿನಿಂದಲೇ, "ಒಂದ್ ಅಂದ್ಕಂಡ್ ಯಾರ್ ಅಳಿತ್ರ್ ಮಾಷ್ಟ್ರೆ?" ಎಂದಳು.

ಮಾಸ್ತರರು ನಕ್ಕರು. ಹೊರಡುವಾಗ ನಮ್ಮಲ್ಲಿ ಸ್ವಲ್ಪ ಹುರುಳಿ ಅಳೆಸಿಕೊಂಡರು. ಮೊದಲ ಸೇರು ಚೀಲಕ್ಕೆ ಬಿದ್ದಾಗ ಅವರ ಬಾಯಿಂದಲೂ ಅದೇ ಹೊರಟಿತು.

೪. ಗೆರಟೆ

ಒಂದು ದಿನ ಮಗಳು ತಾನಾಗಿ ನನ್ನ ಹತ್ತಿರ ಬಂದಳು. ಒಂದರ ಮೇಲೊಂದು ಕವುಚಿದ ಎರಡು ಗೆರಟೆಗಳನ್ನು ಚಾಚಿ, "ತೆಗಿ ಅಪ್ಪಯ್ಯ" ಎಂದಳು.

ಬಾಗಿಲಲ್ಲಿ ಅಮ್ಮ, ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ನನಗೆ ಗೊತ್ತಾಗದೆ ಇರುತ್ತದೆಯೆ? ಕೈ ದೂರ ಇಟ್ಟು, ಕಣ್ಣು ಮುಚ್ಚಿ ತೆಗೆದೆ. ಏನೂ ಹಾರಲಿಲ್ಲ.

"ಕಪ್ಪಿ ಇಲ್ಲ. ಬೆಲ್ಲ. ನಿಂಗೇ ಇಟ್ಟದ್."

ಒಳಗೆ ಕಪ್ಪಗಿನ ಸಣ್ಣ ಉಂಡೆಗಳು. ಬೆಲ್ಲ ಸಿಗದ ಆ ಕಾಲದಲ್ಲಿ ಮಗು ನನಗೆಂದು ಎತ್ತಿಟ್ಟಿದೆಯಲ್ಲ! ಒಂದನ್ನು ಬಾಯಿಗೆ ಹಾಕಿಕೊಂಡೆ.

ಹಳೇ ಹುಣಸೆಹಣ್ಣು. ನನ್ನ ಮುಖ ಹಿಂಡಿದ ಬಟ್ಟೆಯಾಯಿತು.

"ಲಾಭ," ಎಂದಳು ಮಗಳು.

ನಾನು ಇನ್ನೊಂದು ತಿಂದೆ. "ಎರಡ್," ಎಂದವಳು ನಕ್ಕು ನಕ್ಕು ನನ್ನ ಮಡಿಲಿಗೇ ಬಿದ್ದಳು. ಉಂಡೆ ಮುಗಿದಾಗ ಖಾಲಿ ಗೆರಟೆ ಚಾಚಿದೆ. ಅವಳು ಅಜ್ಜಿಯ ಕಡೆ ನೋಡಲೇ ಇಲ್ಲ. ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದಳು, ಇನ್ನಷ್ಟು ತರಲು.

ಆಮೇಲೆ ಒಂದು ವಾರ ನಮ್ಮ ಮನೆಯ ಸಾರಿಗೆ ಹುಳಿ ಇರಲಿಲ್ಲ.